ಮೊದಲ ಗೀರಿಗೆ ಮೂರು ಸಾವಿರವೇ?

ಹೊಸ ಕಾರಿಗೆ ಮೊದಲ ಸ್ಕ್ರ್ಯಾಚ್ ಬಿದ್ದ ದಿನ ಆ ಮನೆಯಲ್ಲಿ ಸೂತಕ. ಶೋರೂಮ್‌ನಿಂದ ತರುವಾಗ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರೂ ‘ಯಾರದ್ದೋ ಕಣ್ಣು ಬಿತ್ತು’ ಎಂದು ಪಕ್ಕದ ಮನೆ ಆಂಟಿ ಹೇಳಿಯೇ ಹೇಳುತ್ತಾರೆ. ಅದು ಇರಲಿ. ನನ್ನ ತಕರಾರು ಆಮೇಲೆ ನಡೆಯುವ ವಸೂಲಿಯ ಬಗ್ಗೆ.

ನಮ್ಮ ಕಾರಿಗೆ ಈಗ ಮೂರು ತಿಂಗಳು. ನನ್ನ ಬಿ.ಇ. ಫೀಸು ಕಟ್ಟಿ ಉಳಿದ ಸಂಬಳದಲ್ಲೇ ಅಪ್ಪ ಅದರ ಇಎಂಐ ಕಟ್ಟಬೇಕು. ಹಾಗಾಗಿ ಅಪ್ಪನ ಹೊಟ್ಟೆ ಎಷ್ಟು ಉರಿಯಿತು ಅಂತ ನನಗೆ ಗೊತ್ತು. ಕಳೆದ ತಿಂಗಳು ತರಕಾರಿ ತಳ್ಳುಗಾಡಿಯ ಅಮ್ಮ ಎದುರಿಗೆ ಬಂದ ಟೆಂಪೋಗೆ ದಾರಿ ಬಿಡಲು ಪಕ್ಕಕ್ಕೆ ಸರಿದರು. ಗಾಡಿಯ ಮೂಲೆ ಕಾರಿನ ಹಿಂದಿನ ಡೋರ್‌ಗೆ ಉಜ್ಜಿತು. ಕಡುನೀಲಿ ಬಣ್ಣದ ಮೇಲೆ ಗೇಣುದ್ದದ ಬಿಳಿ ಗೆರೆ. ಐದು ನಿಮಿಷದಲ್ಲಿ ಅರ್ಧ ಬೀದಿ ಸೇರಿತು. ‘ಪೂರ್ತಿ ಡೋರ್ ಪೇಂಟ್ ಮಾಡಿಸ್ಬೇಕು, ಮೂರು ಸಾವಿರ ಇಸ್ಕೊಳ್ಳಿ ಸಾರ್’ ಎಂದರು ಒಬ್ಬರು. ಆ ಅಮ್ಮ ಸೆರಗಿನಿಂದ ಗೆರೆ ಒರೆಸುತ್ತಾ, ‘ವಾರವಾರ ಸ್ವಲ್ಪ ಸ್ವಲ್ಪ ಕೊಡ್ತೀನಿ ಸ್ವಾಮಿ’ ಅನ್ನುತ್ತಿದ್ದರು.

ನಾನು ಓದುತ್ತಿರುವುದು ಮೆಕ್ಯಾನಿಕಲ್. ದುಡ್ಡಿನ ಲೆಕ್ಕಕ್ಕಿಂತ ಮೊದಲು ಗೀರಿನ ಆಳ ನೋಡೋಣ ಅಂದೆ. ಕಾರಿನ ಬಣ್ಣ ಒಂದೇ ಪದರವಲ್ಲ. ಲೋಹದ ಮೇಲೆ ತುಕ್ಕು ತಡೆಯುವ ಲೇಪ, ನಂತರ ಪ್ರೈಮರ್, ಅದರ ಮೇಲೆ ನಾವು ಆರಿಸಿದ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್. ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆದಾಗ ಸಿಕ್ಕಿಕೊಳ್ಳದಿದ್ದರೆ ಗಾಯ ಬಹುಮಟ್ಟಿಗೆ ಆ ಮೇಲಿನ ಪದರದಲ್ಲೇ ಇದೆ, ಪಾಲಿಶ್‌ಗೆ ಹೋಗುತ್ತದೆ. ಲೋಹ ಕಂಡರೆ ಮಾತ್ರ ಮಳೆಗಾಲಕ್ಕೆ ಮುಂಚೆ ಟಚ್‌ಅಪ್ ಆಗಲೇಬೇಕು. ಪ್ಲಾಸ್ಟಿಕ್ ಬಂಪರ್‌ಗೆ ತುಕ್ಕಿನ ಭಯವೂ ಇಲ್ಲ.

ಅಪ್ಪ ತಾವೇ ಉಗುರು ಎಳೆದು ನೋಡಿದರು. ಒಂದು ಕಡೆ ಇಂಚಿನಷ್ಟು ಬಿಟ್ಟರೆ ಎಲ್ಲೂ ಸಿಗಲಿಲ್ಲ. ‘ಹೋಗಮ್ಮ’ ಅಂದರು. ಭಾನುವಾರ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದೆವು, ಆ ಇಂಚು ಉಳಿದಿದೆ.

ಇನ್ಶೂರೆನ್ಸ್ ಕ್ಲೇಮ್ ಮಾಡಿ ಎಂದವರೂ ಇದ್ದರು. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ನಮ್ಮ ವಾಹನದ ಹಾನಿಗೆಂದು ಕಟ್ಟುವ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ ಸಿಗುತ್ತದೆ, ಐದು ವರ್ಷಕ್ಕೆ ಅದು ಶೇ 50ರವರೆಗೆ ಏರುತ್ತದೆ. ಒಂದು ಗೀರಿಗಾಗಿ ಅದನ್ನು ಕಳೆದುಕೊಳ್ಳುವುದು ಯಾವ ಲೆಕ್ಕ?

ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ಆ ದಿನ ಟೆಂಪೋ ಉಜ್ಜಿಕೊಂಡು ಹೋಗಿದ್ದರೆ ನಂಬರ್ ಬರೆದುಕೊಳ್ಳುವಷ್ಟರಲ್ಲಿ ಮಾಯವಾಗುತ್ತಿತ್ತು. ಮಾಲ್‌ ಪಾರ್ಕಿಂಗ್‌ನಲ್ಲಿ ಗೀರಿದವರು ಯಾರೆಂದೇ ತಿಳಿಯುವುದಿಲ್ಲ, ಬೈದುಕೊಂಡು ಮನೆಗೆ ಬರುತ್ತೇವೆ. ಕೈಗೆ ಸಿಗುವವರು ನಡೆದು ಬರುವವರು, ಸೈಕಲ್‌ನವರು, ಗಾಡಿ ತಳ್ಳುವವರು. ಬಂಪರ್ ನೆಕ್ಕಿಹೋದರೆ ಪರಿಹಾರ ಕೇಳುವುದು ನ್ಯಾಯವೇ. ಆದರೆ ಮನೆಯಲ್ಲಿ ಜಾಗವಿಲ್ಲದೆ ಕಾರುಗಳು ಅರ್ಧ ಬೀದಿ ಹಿಡಿದು ನಿಂತಿರುವಾಗ, ಉಳಿದರ್ಧದಲ್ಲಿ ದಾರಿ ಹುಡುಕುವವರಿಂದ ಇಂಚು ಗೀರಿಗೆ ಸಾವಿರಗಟ್ಟಲೆ ಕೇಳಬಹುದೇ? ಆ ಅಮ್ಮನ ಗಾಡಿ ನಮ್ಮ ಬೀದಿಗೆ ನಮ್ಮ ಕಾರಿಗಿಂತ ಹಳಬ.

ಕೆಲಸ ಸಿಕ್ಕ ಕೂಡಲೇ ಕಾರು ಎಂದುಕೊಂಡಿರುವ ಗೆಳೆಯರೇ, ಆನ್‌ರೋಡ್ ಬೆಲೆಗೆ ಒಂದು ಡೋರ್ ಪೇಂಟಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಅಷ್ಟು ಆಗದು ಅನ್ನಿಸಿದರೆ ಸೆಕೆಂಡ್ ಹ್ಯಾಂಡ್ ನೋಡಿ, ಮೊದಲ ಗೀರಿನ ಸಂಕಟ ಹಳೆಯ ಓನರ್ ಅನುಭವಿಸಿ ಮುಗಿಸಿರುತ್ತಾರೆ.