ಇಳಿಯುವುದೂ ಒಂದು ವಿದ್ಯೆ

ಪರ್ವತವನ್ನು ಏರಿದವನಿಗೆ ಸಲ್ಲುವ ಗೌರವವು ಅದನ್ನು ಇಳಿದು ಬಂದವನಿಗೆ ಸಲ್ಲುವುದಿಲ್ಲ. 1712 ಮೀಟರ್ ಎತ್ತರದ ಕುಮಾರಪರ್ವತವನ್ನು ಹತ್ತಿದವರು ತಮ್ಮ ಆರೋಹಣದ ಕಥೆಯನ್ನು ವರ್ಷಗಟ್ಟಲೆ ಹೇಳುತ್ತಾರೆಯೇ ಹೊರತು, ಮೊಣಕಾಲುಗಳನ್ನು ನಡುಗಿಸಿದ ಅವರೋಹಣದ ಮಾತನ್ನು ಎತ್ತುವವರು ವಿರಳ. ಆದರೆ ಆ ಪರ್ವತದ ಕೆಳಗಣ ಸೀಮೆಯಾದ ಕೋಡಿಂಬಾಳದಲ್ಲಿ ನಿಂತು ನೋಡುವವನಿಗೆ ಇಳಿಯುವುದೇ ಈ ನೆಲದ ಸ್ವಭಾವವೆಂದು ತೋರುತ್ತದೆ. ಘಟ್ಟದ ಮೇಲೆ ಸುರಿದ ಮಳೆಯು ಕುಮಾರಧಾರೆಯಾಗಿ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ; ಸಕಲೇಶಪುರದ ಕಡೆಯಿಂದ ಬರುವ ರೈಲು, ಐವತ್ತು ಅಡಿಗೆ ಒಂದಡಿಯಂತೆ ತಗ್ಗುವ ಹಳಿಯ ಮೇಲೆ, 57 ಸುರಂಗಗಳನ್ನು ಹಾದು, ಬ್ರೇಕು ಬಿಗಿಹಿಡಿದು ಮೆಲ್ಲಮೆಲ್ಲನೆ ಇಳಿದು, ಸುಬ್ರಹ್ಮಣ್ಯ ರೋಡ್ ನಿಲ್ದಾಣವನ್ನು ಮುಟ್ಟಿದ ತರುವಾಯವೇ ಕೋಡಿಂಬಾಳದತ್ತ ನಿರಾತಂಕವಾಗಿ ಓಡತೊಡಗುತ್ತದೆ. ಇಂಥ ಸೀಮೆಯಲ್ಲಿ, ಸೈಕಲ್ಲಿನ ಮೇಲೆ ಗುಡ್ಡ ಇಳಿಯುವ ಕ್ರೀಡೆಗೆ ಒಂದು ಗೌರವದ ಸ್ಥಾನವೂ ಒಂದು ಕ್ರಮವೂ ಇರಬೇಕೆಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯ ನನ್ನಲ್ಲಿ ಮೂಡಿದ್ದು ಕ್ಯಾಮರಾದ ಮೂಲಕ. ಮಾಘದ ದಿನಗಳಲ್ಲಿ ರಬ್ಬರ್ ಮರಗಳು ಎಲೆಯುದುರಿಸಿ ತೋಟದೊಳಕ್ಕೆ ಬೆಳಕು ಇಳಿಯುವ ಹೊತ್ತಿಗೆ, ತರಗೆಲೆ ಹಾಸಿದ ಕೆಂಪು ಮಣ್ಣಿನ ದಾರಿಯಲ್ಲಿ ಸೈಕಲ್ ಇಳಿಸುವ ತರುಣರ ಚಿತ್ರಗಳನ್ನು ತೆಗೆಯುವುದು ನನಗೊಂದು ಹವ್ಯಾಸವಾಯಿತು. ವೇಗವನ್ನು ಚಿತ್ರದಲ್ಲಿ ಹಿಡಿಯುವುದು ವಿಚಿತ್ರವಾದ ಸಮಸ್ಯೆ. ಶಟರನ್ನು ಸೆಕೆಂಡಿನ ಸಾವಿರದ ಒಂದಂಶಕ್ಕೆ ಇಟ್ಟರೆ ಚಕ್ರದ ಕಡ್ಡಿಗಳೂ ನಿಂತುಬಿಡುತ್ತವೆ, ಸೈಕಲ್ಲು ಅಂಗಳದಲ್ಲಿ ನಿಲ್ಲಿಸಿದಂತೆ ಕಾಣುತ್ತದೆ. ಮೂವತ್ತರ ಒಂದಂಶಕ್ಕೆ ಇಳಿಸಿ, ಸವಾರನೊಡನೆ ಕ್ಯಾಮರಾವನ್ನೂ ತಿರುಗಿಸುತ್ತ ಹೋದರೆ, ಅವನ ಮುಖ ಸ್ಪಷ್ಟವಾಗಿ ಉಳಿದು ಮರಗಳೆಲ್ಲ ಗೆರೆಗಳಾಗಿ ಹರಿಯುತ್ತವೆ. ಇಳಿಜಾರಿನ ಕಡಿದಾದ ಸ್ವರೂಪವಂತೂ ಚಿತ್ರದಲ್ಲಿ ಚಪ್ಪಟೆಯಾಗಿ, ಎದೆ ನಡುಗಿಸುವ ಗುಡ್ಡವೂ ಸಾಮಾನ್ಯ ದಿಬ್ಬವೆನಿಸುತ್ತದೆ. ನೆಟ್ಟಗೆ ನಿಂತ ಮರವೊಂದು ಚೌಕಟ್ಟಿನೊಳಗೆ ಇದ್ದರೆ ಮಾತ್ರ ನೆಲದ ಓರೆ ನೋಡುವವನಿಗೆ ತಿಳಿಯುತ್ತದೆ.

ಆ ಚಿತ್ರಗಳನ್ನು ಹಿಗ್ಗಿಸಿ ನೋಡುವಾಗ ನನಗೆ ಸೋಜಿಗವಾದದ್ದು ಸವಾರರ ಮುಖಭಾವ. ದೂರದಿಂದ ಉನ್ಮಾದವೆಂದು ತೋರುವ ಆ ಓಟದ ನಡುವೆ ಮುಖದಲ್ಲಿ ಇದ್ದದ್ದು ಪರಿಪೂರ್ಣವಾದ ಏಕಾಗ್ರತೆ. ತಗ್ಗಿಸಿದ ಸೀಟನ್ನು ಬಿಟ್ಟೆದ್ದು, ಎರಡು ಪೆಡಲುಗಳನ್ನೂ ಸಮಾನ ಎತ್ತರದಲ್ಲಿ ಇರಿಸಿ, ಮೊಣಕೈಗಳನ್ನು ಹೊರಕ್ಕೆ ಬಾಗಿಸಿ, ಬ್ರೇಕಿನ ಮೇಲೆ ಒಂದೊಂದೇ ಬೆರಳಿಟ್ಟ ಆ ಹುಡುಗರ ಕಣ್ಣು ಚಕ್ರದ ಮುಂದಿನ ಮುರಕಲ್ಲನ್ನು ನೋಡುತ್ತಿರಲಿಲ್ಲ. ಅದರಾಚೆಯ ತಿರುವನ್ನೂ ಮೀರಿ, ತಾವು ಇನ್ನೂ ತಲಪದ ನೆಲವನ್ನು ನೋಡುತ್ತಿತ್ತು. ಕೊನೆಗೊಮ್ಮೆ ಅವರಲ್ಲೊಬ್ಬ, "ಎಂತ ಆಗುದಿಲ್ಲ ಸರ್, ಚಕ್ರ ನೋಡ್ಬೇಡಿ, ದೂರ ನೋಡಿ" ಎಂದು ತನ್ನ ಸೈಕಲ್ಲನ್ನೇ ನನ್ನ ಕೈಗೆ ಕೊಟ್ಟಾಗ, ತೋಟದ ಅತ್ಯಂತ ಸೌಮ್ಯವಾದ ಇಳಿಜಾರನ್ನು ನಾನೂ ಇಳಿದೆ. ದೂರದ ತಿರುವಿನಲ್ಲಿ ದೃಷ್ಟಿಯನ್ನು ನೆಟ್ಟೊಡನೆ ದೇಹವು ತಾನಾಗಿಯೇ ಬಾಗಿ ದಾರಿಗೆ ಒಗ್ಗಿಕೊಂಡಿತು. ಆ ಕೆಲವು ಕ್ಷಣ ಮನಸ್ಸಿನಲ್ಲಿ ಬೇರೊಂದು ಯೋಚನೆಗೆ ಎಡೆಯಿರಲಿಲ್ಲ. ಈ ಆನಂದದ ಮೂಲ ಸ್ವೇಚ್ಛೆಯಲ್ಲ, ಎಚ್ಚರ.

ಈ ಕ್ರೀಡೆಯ ಚರಿತ್ರೆಯೂ ಇದಕ್ಕೆ ಸಾಕ್ಷಿ. ಕ್ಯಾಲಿಫೋರ್ನಿಯಾದ ಟಮಲ್ಪಾಯಿಸ್ ಬೆಟ್ಟದ ಬಳಿ 1976ರ ಅಕ್ಟೋಬರಿನಲ್ಲಿ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗಡಿಯಾರ ಹಿಡಿದು ಇಳಿಸತೊಡಗಿದಾಗ, ಹಿಂಚಕ್ರದ ಗುಂಬದೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಡುತ್ತಿತ್ತು, ಪ್ರತಿ ಇಳಿತದ ಬಳಿಕ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆ ದಿನಗಳನ್ನು ನಾವಿಂದು ಕಣ್ಣಾರೆ ಕಾಣುತ್ತಿರುವುದು, ಅವರೊಡನೆ ತಾನೂ ಸೈಕಲ್ ತುಳಿಯುತ್ತಿದ್ದ ವೆಂಡಿ ಕ್ರ್ಯಾಗ್ ಎಂಬ ಮಹಿಳೆ ತೆಗೆದ ಚಿತ್ರಗಳ ದೆಸೆಯಿಂದ. 1990ರಲ್ಲಿ ಅಮೆರಿಕದ ಡುರಾಂಗೋದಲ್ಲಿ ಬೆಟ್ಟದ ಸೈಕಲ್ ಸವಾರಿಯ ಪ್ರಥಮ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಗುಡ್ಡ ಇಳಿಯುವ ಸ್ಪರ್ಧೆಗೂ ಮಾನ್ಯತೆ ದೊರೆಯಿತು. ಹುಚ್ಚಾಟವೆನಿಸಿಕೊಂಡದ್ದು ಹದಿನಾಲ್ಕು ವರ್ಷಗಳಲ್ಲಿ ನಿಯಮಬದ್ಧ ಕ್ರೀಡೆಯಾಯಿತು.

ನಿಯಮವೊಂದು ಇದ್ದರೆ ವೇಗವೂ ಸಂಸ್ಕೃತಿಯಾಗಬಲ್ಲುದೆಂಬುದನ್ನು ತುಳುನಾಡಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರಿನ ಕರೆಯನ್ನು, ಎಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡುಗಳಲ್ಲಿ ಓಡಿದಾಗ ಲೋಕವೆಲ್ಲ ಆ ಅಂಕಿಗೆ ಬೆರಗಾಯಿತು. ಆದರೆ ಕೋಣಗಳ ಗತಿಗೆ ತನ್ನ ಗತಿಯನ್ನು ಹೊಂದಿಸುವ ಓಟಗಾರನ ಕೌಶಲವನ್ನು ಬಲ್ಲವರು ಕರೆಯ ಬದಿಯಲ್ಲಿ ನಿಂತ ಜನ. ಘಟ್ಟದ ರಸ್ತೆಗಳಲ್ಲಿ ವಾಹನ ಹಾರಿಸಿ ಮೊಬೈಲಿನಲ್ಲಿ ಹರಿಯಬಿಡುವ ಇಂದಿನ ತುಣುಕುಗಳಲ್ಲಿ ಇರುವುದು ಬರಿಯ ರೋಮಾಂಚನ. ವೇಗದ ಹಿಂದೆ ಇರಬೇಕಾದ ಶಿಕ್ಷಣವನ್ನು ತೋರಿಸುವ ಹೊಣೆ ಕ್ಯಾಮರಾ ಹಿಡಿದವನಿಗೆ ಉಂಟು.

ಆಕ್ಷೇಪಗಳೂ ಉಂಟು, ಅವು ಅಲ್ಲಗಳೆಯತಕ್ಕವಲ್ಲ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಗುಡ್ಡದ ನೆತ್ತಿಯಿಂದ ನೇರವಾಗಿ ಇಳಿಸಿದ ದಾರಿ ಒಂದೇ ಮಳೆಗಾಲದಲ್ಲಿ ತೋಡಾಗುತ್ತದೆ. ಅದಕ್ಕೆಂದೇ ಈ ಕೆಲಸದಲ್ಲಿ ನುರಿತವರು, ದಾರಿಯ ಇಳುಕಲು ಗುಡ್ಡದ ಇಳುಕಲಿನ ಅರ್ಧವನ್ನು ಮೀರಬಾರದು, ಸರಾಸರಿಯಲ್ಲಿ ನೂರಕ್ಕೆ ಹತ್ತನ್ನು ದಾಟಬಾರದು, ನೀರು ದಾರಿಗುಂಟ ಹರಿಯದೆ ಅಡ್ಡಲಾಗಿ ಹೊರಹೋಗಬೇಕು ಎಂಬ ಸೂತ್ರಗಳನ್ನು ಪಾಲಿಸುತ್ತಾರೆ. ಮಳೆಗಾಲದಲ್ಲಿ ದಾರಿಯನ್ನು ಮುಚ್ಚಿಡುವುದೂ ವಿವೇಕ. ಎರಡನೆಯದು ಆನೆಯ ಭಯ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆಯ ದಾಳಿಗೆ ಇಬ್ಬರು ಪ್ರಾಣ ತೆತ್ತ ಮೇಲೆ, ಸದ್ದಿಲ್ಲದೆ ವೇಗವಾಗಿ ನುಗ್ಗುವ ಸೈಕಲ್ಲಿಗೆ ಕಾಡಿನಲ್ಲಿ ಸ್ಥಳವಿಲ್ಲವೆಂದು ಯಾರಾದರೂ ಒಪ್ಪತಕ್ಕದ್ದು. ದಾರಿ ಬೇಕಾದದ್ದು ರಕ್ಷಿತಾರಣ್ಯದ ಹೊರಗೆ, ಒಡೆಯರ ಒಪ್ಪಿಗೆಯುಳ್ಳ ತೋಟಗಳಲ್ಲಿ, ಹಾಡಹಗಲಿನಲ್ಲಿ.

ಉಳಿದದ್ದು, ಇದು ಸಿರಿವಂತರ ಆಟವೆಂಬ ಮಾತು. ಸ್ಪರ್ಧೆಯ ಸೈಕಲ್ಲುಗಳಿಗೆ ಲಕ್ಷಗಟ್ಟಲೆ ಹಣ ಬೇಕೆಂಬುದು ನಿಜ. ಆದರೆ 2006–07ರಲ್ಲಿ ಮೊದಲಾದ ಸರಕಾರದ ಯೋಜನೆಯಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲುಗಳು ದೊರೆತಂದಿನಿಂದ, ಗುಡ್ಡದ ಮನೆಗಳಿಂದ ಬೆಳಿಗ್ಗೆ ಶಾಲೆಗೆ ಇಳಿದು, ಸಂಜೆ ಅದೇ ಸೈಕಲ್ಲನ್ನು ತಳ್ಳಿಕೊಂಡು ಏರಿದ ಮಕ್ಕಳೆಲ್ಲರೂ, ಹೆಲ್ಮೆಟ್ಟಿಲ್ಲದೆ, ಗುರುವಿಲ್ಲದೆ, ಮಳೆಗೆ ನೆನೆದು ಹಿಡಿತ ತಪ್ಪುವ ಬ್ರೇಕುಗಳನ್ನೇ ನಂಬಿ, ಈ ವಿದ್ಯೆಯನ್ನು ಅಭ್ಯಾಸ ಮಾಡಿದವರೇ. ಆದುದರಿಂದ ಮೊದಲ ದಾರಿಯನ್ನು ಪ್ರವಾಸಿಗರ ಸಲುವಾಗಿ ಕಡಿಯದೆ, ಮುಂದಿನ ಬ್ರೇಕು ಯಾವಾಗ, ಹಿಂದಿನದು ಯಾವಾಗ, ಭಾರ ಎತ್ತ, ದೃಷ್ಟಿ ಎತ್ತ ಎಂಬುದನ್ನು ಶಾಲೆಯ ಮಕ್ಕಳಿಗೆ ಕಲಿಸುವ ಸಲುವಾಗಿ ಕಡಿಯಬೇಕು. ಅಲ್ಲಿಂದ ಚಾಂಪಿಯನ್ನರು ಹೊರಟರೆ ಸಂತೋಷವೇ; ಹೊರಡದಿದ್ದರೂ, ಮಕ್ಕಳು ಸುರಕ್ಷಿತವಾಗಿ ಶಾಲೆ ಮುಟ್ಟಿದರೆ ಪಟ್ಟ ಶ್ರಮ ಸಾರ್ಥಕ.