ಹೌಸ್ ಸಂಗೀತಕ್ಕೆ ದುಬಾರಿ ಸಿಂಥಸೈಸರ್ ಬೇಕೇ ಬೇಕೇ?

ಬೇಕಿಲ್ಲ. ಸಾಲ ಮಾಡಿ ಯಂತ್ರ ಕೊಳ್ಳುವ ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಹೌಸ್ ಹುಟ್ಟಿದ್ದು 1980ರ ದಶಕದ ಶಿಕಾಗೊದಲ್ಲಿ. ಬೇಸ್ ಗಿಟಾರಿಗೆ ಬದಲಿಯಾಗಿ 1981ರಲ್ಲಿ ಬಂದ ರೋಲ್ಯಾಂಡ್ ಟಿಬಿ-303 ಸರಿಯಾಗಿ ಮಾರಾಟವಾಗದೆ 1984ರಲ್ಲಿ ನಿಂತುಹೋಯಿತು. ಅಗ್ಗಕ್ಕೆ ಸಿಕ್ಕ ಅದೇ ಹಳೆಯ ಯಂತ್ರದ ಗುಂಡಿಗಳನ್ನು ತಿರುಗಿಸುತ್ತಾ ಶಿಕಾಗೊದ ಫ್ಯೂಚರ್ ತಂಡ 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಹೊರತಂದಿತು. ಆಸಿಡ್ ಹೌಸ್ ಎಂಬ ಪ್ರಕಾರವೇ ಹುಟ್ಟಿಕೊಂಡಿತು.

ಹೌಸ್‌ನ ಜೀವಾಳ ಲಯ: ನಿಮಿಷಕ್ಕೆ ಸುಮಾರು 120ರಿಂದ 130 ಬೀಟ್, ಪ್ರತಿ ಬೀಟಿಗೂ ಒಂದು ಕಿಕ್ ಡ್ರಮ್. ಇಷ್ಟನ್ನು ಮೊಬೈಲಿನ ಉಚಿತ ಡ್ರಮ್ ಆ್ಯಪ್‌ನಲ್ಲೇ ಕಲಿಯಬಹುದು. ಮುಂದೆ ಯಂತ್ರ ಕೊಳ್ಳುವುದಾದರೆ ಬ್ರ್ಯಾಂಡ್‌ಗಿಂತ ಮೊದಲು ಮೂರು ಸಂಗತಿ ನೋಡಿ: ಡ್ರಮ್ ಸದ್ದುಗಳಿವೆಯೇ? ಒಮ್ಮೆ ಹೊಂದಿಸಿದರೆ ತಾನಾಗಿ ನುಡಿಸುವ ಸೀಕ್ವೆನ್ಸರ್ ಇದೆಯೇ? ಕಂಪ್ಯೂಟರಿಗೆ ಜೋಡಿಸಬಹುದೇ?