ಎರೆಭೂಮಿಯ ಖಾನೇಸುಮಾರಿ

ಎರೆಯ ನಾಡಿನ ಬಯಲಿನಲ್ಲಿ ತಿರುಗುವ ದೊಡ್ಡ ಹಕ್ಕಿಯೊಂದಕ್ಕೆ ನಮ್ಮ ಹಿಂದಿನವರು ಎರೆಭೂತವೆಂದು ಹೆಸರಿಟ್ಟರು. ಇಂದು ಭರತಖಂಡದಲ್ಲೆಲ್ಲ ಕೂಡಿ ಆ ಹಕ್ಕಿಗಳು ಸುಮಾರು 150 ಉಳಿದಿರಬಹುದೆಂದು ಬಲ್ಲವರು ಅಂದಾಜು ಮಾಡಿರುತ್ತಾರೆ. ಅವುಗಳಲ್ಲಿ ಬಹುಪಾಲು ರಾಜಸ್ಥಾನದವು. ಕರ್ನಾಟಕದಲ್ಲಿ ಸಿರಗುಪ್ಪದ ಕಡೆಗೆ ಬೆರಳಿನಿಂದ ಎಣಿಸುವಷ್ಟು ಮಾತ್ರ. ಹಾಗಾದರೆ ಬಿಜ್ಜರಗಿ, ಟಿಕೋಟಾ, ಬಬಲೇಶ್ವರಗಳ ಬಯಲಿನಲ್ಲಿ ಏನೇನು ಇದ್ದಿತು, ಏನು ಹೋಯಿತು, ಏನು ಉಳಿದಿದೆ ಎಂಬುದಕ್ಕೆ ಯಾವ ದಫ್ತರದ ಆಧಾರವಿದೆ?

ಇತ್ತೀಚೆಗೆ ದತ್ತಾಂಶ ವಿಜ್ಞಾನವೆಂಬ ಶಾಸ್ತ್ರವೊಂದು ಪ್ರಬಲವಾಗಿರುತ್ತದೆ. ಹೆಸರನ್ನು ಕೇಳಿ ವಾಚಕರು ಬೆದರಬೇಕಾದುದಿಲ್ಲ. ಸಾವಿರಾರು ಜನರು ಬರೆದಿಟ್ಟ ಚೂರು ಲೆಕ್ಕಗಳನ್ನು ಗಣಕಯಂತ್ರದಲ್ಲಿ ಕೂಡಿಸಿ, ಅವುಗಳ ಹುಳುಕನ್ನೂ ತೂಗಿ ನೋಡಿ, ಸತ್ಯಾಂಶವನ್ನು ಹೊರಗೆಳೆಯುವುದೇ ಅದರ ಕೆಲಸವು. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಗೆ 30,000 ಪಕ್ಷಿವೀಕ್ಷಕರ ಸುಮಾರು 3 ಕೋಟಿ ದಾಖಲೆಗಳೇ ಆಧಾರ. ಕಂಡ ಹಕ್ಕಿಗಳನ್ನೆಲ್ಲ ಬರೆಯಬೇಕು, ಎಷ್ಟು ಹೊತ್ತು ನೋಡಿದೆವೆಂಬುದನ್ನೂ ಬರೆಯಬೇಕು; ಆಗಲೇ ಕಾಣದೆ ಹೋದುದಕ್ಕೂ ಅರ್ಥ ಬರುವುದು. ಪರಿಶೀಲಿಸಿದ 942 ಜಾತಿಗಳಲ್ಲಿ ದೀರ್ಘಕಾಲದ ಏರಿಳಿತವನ್ನು ಹೇಳಲು ಸಾಲುವಷ್ಟು ಲೆಕ್ಕ ದೊರೆತುದು 338ಕ್ಕೆ ಮಾತ್ರ. ಅವುಗಳಲ್ಲಿ 204 ಜಾತಿಗಳು ಇಳಿಮುಖವಾಗಿವೆ.

ಸುಳ್ಳು ಲೆಕ್ಕದ ಫಲವನ್ನೂ ದೇಶವು ಉಂಡಿದೆ. ರಾಜಸ್ಥಾನದ ಸರಿಸ್ಕಾದಲ್ಲಿ ಹೆಜ್ಜೆಗುರುತುಗಳನ್ನು ಎಣಿಸಿ ಅಧಿಕಾರಿಗಳು ಕಾಗದದ ಮೇಲೆ ಹುಲಿಗಳನ್ನು ಸಾಕಿದ್ದರು. 2005ರಲ್ಲಿ ಕಾಡನ್ನು ಶೋಧಿಸಿದರೆ ಒಂದೂ ಇರಲಿಲ್ಲ! ಅದಕ್ಕೂ ಮೊದಲೇ, 1990ರ ದಶಕದಲ್ಲಿ, ನಮ್ಮ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಸ್ವಯಂಚಾಲಿತ ಕ್ಯಾಮರಾಗಳನ್ನಿಟ್ಟು ಬೇರೊಂದು ದಾರಿ ತೋರಿಸಿದ್ದರು. ಹುಲಿಯ ಪಟ್ಟೆಯು ಮನುಷ್ಯನ ಹೆಬ್ಬೆಟ್ಟಿನ ಗುರುತಿದ್ದಂತೆ. ಚಿತ್ರದಲ್ಲಿ ಸಿಕ್ಕ ಹುಲಿಗಳಲ್ಲಿ ಎಷ್ಟು ಮರಳಿ ಸಿಕ್ಕವೆಂಬುದರಿಂದ, ಸಿಗದೆ ಉಳಿದವುಗಳ ಸಂಖ್ಯೆಯನ್ನೂ ಗಣಿತವು ಹೇಳುತ್ತದೆ. ಇಂದು ಪಟ್ಟೆಗಳನ್ನು ಹೋಲಿಸುವ ಕೆಲಸಕ್ಕೂ ಗಣಕಯಂತ್ರವೇ ನಿಂತಿದೆ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿಗಳೆಂದು ತಿಳಿದುದು ಈ ರೀತಿಯಿಂದಲೇ.

ಹುಲಿಗೆ ದೊರೆತ ಈ ಭಾಗ್ಯವು ತೋಳಕ್ಕೂ ಹುಲ್ಲೆಗೂ ಯಾಕೆ ದೊರೆಯಬಾರದು? ಪಂಡಿತರೂ ಪ್ರವಾಸಿಗರೂ ಮಲೆನಾಡಿಗೆ ಧಾವಿಸುತ್ತಾರೆ. ನಮ್ಮ ಬಯಲಿಗೆ ರೆವಿನ್ಯೂ ಕಾಗದಗಳಲ್ಲಿ ಸಿಕ್ಕುವ ಬಿರುದುಗಳು ಖರಾಬು, ಪಡೀತ, ಗಾಯರಾಣ ಎಂಬುವು. ಹಾಳೆ ಖಾಲಿಯಿದ್ದರೆ ಭೂಮಿಯೂ ಖಾಲಿಯೆಂದು ಬಗೆದು ಅಲ್ಲಿ ಸೌರಫಲಕಗಳನ್ನೋ ಗಾಳಿಯಂತ್ರಗಳನ್ನೋ ನಿಲ್ಲಿಸಲು ಒಂದು ರುಜು ಸಾಕು. ಗಿಡ ನೆಡುವ ಪುಣ್ಯಕಾರ್ಯವನ್ನು ನಾವು ಹಳಿಯುವವರಲ್ಲ. ಆದರೆ ಹುಲ್ಲುಗಾವಲಿನ ತುಂಬ ಗಿಡಗಳನ್ನು ಒತ್ತಿ ಬೆಳೆಸಿದರೆ, ಬಯಲನ್ನೇ ನಂಬಿದ ಜೀವಿಗಳಿಗೆ ನೆಲೆ ತಪ್ಪುವುದು.

2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಪಂಚಾಯತಿಗೂ ಸಮಿತಿಯಿರಬೇಕು. ಆ ಸಮಿತಿಯು ಊರಿನ ಸಸ್ಯ, ಪ್ರಾಣಿ, ಬೀಜಗಳ ದಾಖಲೆ ವಹಿಯನ್ನು ಇಡಬೇಕು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2020ರ ಜನವರಿ 31ನ್ನು ಗಡುವಾಗಿ ಗೊತ್ತುಪಡಿಸಿ ದಂಡದ ಭಯ ಹಾಕಿದಾಗ ದೇಶದ ಎಷ್ಟೋ ವಹಿಗಳು ತರಾತುರಿಯಿಂದ ಹುಟ್ಟಿಕೊಂಡವು. ಅಂಥ ವಹಿಯಿಂದ ಯಂತ್ರವು ಹೊರಗೆಳೆಯುವುದಾದರೂ ಏನನ್ನು? ಕುರಿ ಕಾಯುವವನಿಗೆ ತೋಳದ ದಾರಿ ಗೊತ್ತು. ಮಾಲ್ದಂಡಿ ಜೋಳ ಬಿತ್ತುವವನಿಗೆ ಯಾವ ಹಕ್ಕಿ ಯಾವ ತಿಂಗಳು ಹೊಲಕ್ಕೆ ಇಳಿಯುವುದೆಂದು ಗೊತ್ತು. ಹೈಸ್ಕೂಲಿನ ಹುಡುಗರು ಕೈಯಲ್ಲಿಯ ಫೋನಿನಿಂದ ಇದನ್ನೆಲ್ಲ ತಾರೀಖು ಸಹಿತವಾಗಿ ನೋಂದಿಸಬಲ್ಲರು. ಗೂಡುಗಳ ಠಿಕಾಣವನ್ನು ಮಾತ್ರ ಬೇಟೆಗಾರರ ಕಣ್ಣಿಗೆ ಬೀಳದಂತೆ ಗುಪ್ತವಾಗಿಡಬೇಕು.

ಗಾಯರಾಣವನ್ನು ಯಾವುದೇ ಕಂಪನಿಗೆ ಕೊಡುವ ಮುಂಚೆ ಈ ವಹಿಯನ್ನು ತರಿಸಿ ನೋಡಬೇಕೆಂದು ಜಿಲ್ಲಾಧಿಕಾರಿಗಳು ಅಪ್ಪಣೆ ಮಾಡಲಿ. ಬಿಜ್ಜರಗಿಯ ನಾಗರಿಕರು ಬರುವ ಗ್ರಾಮಸಭೆಯಲ್ಲಿ ತಮ್ಮೂರ ವಹಿಯನ್ನು ಎಲ್ಲರೆದುರು ಓದಿಸಿ ಕೇಳಲಿ.